ಜಾರಿದ್ದು ಯಾರು?

ನಾನು ಮುಂಬಯಿ ಹತ್ತಿರದ ಕಳಂಬೋಲಿಯ ಕಬ್ಬಿಣದ ಗೋಡೌನೊಂದರಲ್ಲಿ ಗುಮಾಸ್ತನಾಗಿದ್ದಾಗ, ಲಾರಿಯಿಂದ ಇಳಿಸುತ್ತಿದ್ದ ಭಾರಿ ಉಕ್ಕಿನ ಪ್ಲೇಟೊಂದು ಜಾರಿ ವಿಜಯಪುರದ ಹಮಾಲ ಮಲ್ಲಪ್ಪನ ಪಾದದ ಮೇಲೆ ಬಿತ್ತು. ವಿಮೆಯ ಫಾರ್ಮಿನಲ್ಲಿ ನಾನು ಅವಸರದಲ್ಲಿ, ‘ಸ್ಲಿಪ್ ಆಗಿ ಪೆಟ್ಟಾಗಿದೆ’ ಎಂದಷ್ಟೇ ಇಂಗ್ಲಿಷಿನಲ್ಲಿ ಬರೆದುಬಿಟ್ಟೆ.

ವಿಮಾ ಕಚೇರಿಯ ಸಾಹೇಬರು ಫಾರ್ಮನ್ನು ವಾಪಸ್ ತಳ್ಳಿ ಹಿಂದಿಯಲ್ಲಿ, “ಇವನೇ ಜಾರಿ ಬಿದ್ದರೆ ಗಲತಿ ಇವನದೇ. ಕ್ಲೇಮ್ ಸಿಗೋದಿಲ್ಲ,” ಎಂದರು.

“ಇವನಲ್ಲ ಸಾರ್, ಜಾರಿದ್ದು ಪ್ಲೇಟು.”

“ಸ್ಲಿಪ್ ಆಗೋದು ಮನುಷ್ಯ. ಪ್ಲೇಟಿಗೇನು ಕಾಲಿದೆಯಾ?”

ಊರುಗೋಲು ಹಿಡಿದು ನಿಂತಿದ್ದ ಮಲ್ಲಪ್ಪ ನನ್ನ ಕಿವಿಯಲ್ಲಿ, “ನಾ ನಿಂತಲ್ಲೇ ನಿಂತಿದ್ನಿರಿ. ಜಾರಿದ್ರ ಕಾಲರೆ ಉಳೀತಿತ್ತು,” ಎಂದ.

ಅರ್ಧ ಗಂಟೆ ವಾದ ಮಾಡಿ ನನ್ನ ತಲೆ ಕೆಟ್ಟುಹೋಯಿತು. ಕೊನೆಗೆ ಹೊಸ ಫಾರ್ಮ್ ತೆಗೆದುಕೊಂಡು ‘ಪ್ಲೇಟ್ ಸ್ಲಿಡ್’, ಅಂದರೆ ಪ್ಲೇಟು ಜಾರಿತು, ಎಂದು ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ಸಾಹೇಬರು ಕನ್ನಡಕ ಏರಿಸಿಕೊಂಡು, “ಸ್ಲಿಡ್ ಅನ್ನೋ ಶಬ್ದವೇ ಇಲ್ಲ,” ಎಂದು ಅದನ್ನು ಹೊಡೆದುಹಾಕಿದರು. ಮೇಲೆ ‘ಸ್ಲೈಡೆಡ್’ ಎಂದು ತಿದ್ದಿ ಠಸ್ಸೆ ಒತ್ತಿದರು.

‘ಸ್ಲೈಡೆಡ್’ ಎಂಬುದೇ ತಪ್ಪು ಇಂಗ್ಲಿಷ್ ಎನ್ನಲು ಬಾಯಿ ತೆರೆದಿದ್ದೆ. ಮಲ್ಲಪ್ಪ ನನ್ನ ತೋಳು ಹಿಡಿದ.

“ಈಗರೆ ಜಾರಿದ್ದು ಪ್ಲೇಟ್ ಅಂತ ಆತಿಲ್ರೀ?”

“ಆಯ್ತು.”

“ಹಂಗಾರ ಸುಮ್ನ ನಡೀರಿ ಸರ. ಅವ್ರು ಇನ್ನೊಮ್ಮೆ ಓದೂದ್ರಾಗ ಹೊರಗ ಹೋಗೂಣು.”