ಖಾಲಾ ಕಳಿಸುತ್ತಿದ್ದ ಹುಳಿ ದಾಲ್

ಕಳೆದ ವಾರ ಯಾದಗಿರಿಯ ಚರ್ಮದ ಡಾಕ್ಟರು ನನ್ನ ರಕ್ತ ತೆಗೆದು ನನಗೇ ಚುಚ್ಚಿದರು. (ಹೌದು, ಅದಕ್ಕೂ ಫೀಸು ಇದೆ.)

ವಿಷಯ ಪಿತ್ತದ ಗಂಧೆಯದು. ವರ್ಷದಿಂದ ಸಂಜೆಯಾದರೆ ಸಾಕು, ಮೈತುಂಬ ಕೆಂಪು ದದ್ದು, ತುರಿಕೆ. ಶಹಾಪುರದ ನಮ್ಮ ಓಣಿಯಲ್ಲಿ ಇದಕ್ಕೆ ಮದ್ದು ಹೇಳದವರಿಲ್ಲ. ನಮ್ಮ ಅತ್ತೆಯಂತೂ ಕರಿ ಕಂಬಳಿ ತಂದು ಉಜ್ಜಿದ್ದೇ ಉಜ್ಜಿದ್ದು. ದದ್ದು ಹೋಗಲಿಲ್ಲ, ಚರ್ಮ ಹೋಯಿತು.

ಕಂಬಳಿ ಸೋತ ಮೇಲೆ ಅಪರಾಧಿಯ ಹುಡುಕಾಟ. ಸಿಕ್ಕಿಬಿದ್ದದ್ದು ಪಕ್ಕದ ಮನೆಯ ಖಾಲಾ (ಉರ್ದುವಿನಲ್ಲಿ ಚಿಕ್ಕಮ್ಮ) ಮಾಡುವ ಖಟ್ಟೀ ದಾಲ್. ಹುಣಸೆಹುಳಿ ಹಿಂಡಿದ ಆ ಬೇಳೆ ಆಗಾಗ ಬಟ್ಟಲಲ್ಲಿ ಕಾಂಪೌಂಡ್ ಗೋಡೆ ದಾಟಿ ನನಗೆಂದೇ ಬರುತ್ತಿತ್ತು.

"ಹುಳಿ ತಿಂದ್ರ ಪಿತ್ತ ಏಳದೇ ಇರ್ತದೇನು? ನಾಳಿಂದ ಬ್ಯಾಡ ಅಂತ ಹೇಳಿಬಿಡು," ಎಂದರು ಅತ್ತೆ. (ನಮ್ಮ ಮನೆಯ ಸಾರಿಗೂ ಅದೇ ಅಂಗಡಿಯ ಹುಣಸೆಹಣ್ಣು. ಆದರೆ ನಮ್ಮ ಹುಣಸೆ ಅಮಾಯಕ!)

ಹೋಗಿ ಹೇಳಿದೆ. ಖಾಲಾ "ಆಗ್ಲಿ ಬಿಡು ಬೇಟಾ" ಎಂದಷ್ಟೇ ಅಂದು ಒಳಗೆ ಹೋದರು. ಅಂದಿನಿಂದ ಬಟ್ಟಲೂ ಇಲ್ಲ, ಗೋಡೆಯಾಚೆಯಿಂದ ಮಾತೂ ಇಲ್ಲ. ತುರಿಕೆಗಿಂತ ಹೆಚ್ಚು ಕಾಡಿದ್ದು ಇದೇ.

ದದ್ದು ಮಾತ್ರ ನಿಷ್ಠೆಯಿಂದ ಬರುತ್ತಲೇ ಇತ್ತು. ಕೊನೆಗೆ ಯಾದಗಿರಿ ಬಸ್ಸು ಹತ್ತಿದೆ.

ಡಾಕ್ಟರು ಮೊದಲು ಕೆಲವು ದಿನ ನಾನು ನುಂಗುತ್ತಿದ್ದ ಅಲರ್ಜಿ ಗುಳಿಗೆ ಬಿಡಿಸಿದರು. ಆಮೇಲೆ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ಒಂಚೂರು ಮುಂಗೈಯ ಚರ್ಮದೊಳಗೆ ಬಿಟ್ಟರು. ಪಕ್ಕದಲ್ಲಿ, ಹೋಲಿಸಿ ನೋಡಲು, ಬರೀ ಸಲೈನ್. ಅರ್ಧ ಗಂಟೆಯಾಯಿತು. ಸಲೈನ್ ಜಾಗ ತಣ್ಣಗಿತ್ತು. ನನ್ನದೇ ರಕ್ತದ ತಿಳಿ ಬಿದ್ದ ಜಾಗ ಉಬ್ಬಿ ಕೆಂಪಾಗಿತ್ತು.

"ಇದು ತಿನ್ನೋದ್ರಿಂದ ಬಂದಿದ್ದಲ್ಲ ಅನಸ್ತದರಿ. ನಿಮ್ಮ ರಕ್ತನ ನಿಮ್ಮ ಮ್ಯಾಲ ತಿರುಗಿ ಬಿದ್ದದ. ಥೈರಾಯ್ಡಿಂದೂ ಒಂದು ಟೆಸ್ಟ್ ಮಾಡಿಸೋಣು."

"ಹಂಗಾರ ಹುಳಿ ದಾಲ್?"

"ತಿನ್ರಿ. ಯಾರು ಬ್ಯಾಡ ಅಂದಾರ?"

ಯಾರೆಂದು ಹೇಳಲಿ? ತನ್ನವರು ಯಾರು, ಹೊರಗಿನವರು ಯಾರು ಎಂದು ನನ್ನ ರಕ್ತಕ್ಕೇ ತಿಳಿಯದಿದ್ದರೆ ಪಾಪ, ಅತ್ತೆಗೆ ಹೇಗೆ ತಿಳಿದೀತು?

ಬಸ್ಸಿಳಿದವಳು ಮನೆಗೂ ಹೋಗದೆ ನೇರ ಖಾಲಾರ ಬಾಗಿಲಿಗೆ ಹೋದೆ. ಸೂಜಿ ಚುಚ್ಚಿದ ಕೈ ಚಾಚಿದೆ. "ನಿಮ್ಮ ದಾಲಿಂದು ಏನೂ ತಪ್ಪಿಲ್ಲಂತರಿ ಖಾಲಾ, ಡಾಕ್ಟರು ಟೆಸ್ಟ್ ಮಾಡಿ ಹೇಳ್ಯಾರ."

ಖಾಲಾ ನನ್ನ ಕೈ ನೋಡಿದರು, ನನ್ನ ಮುಖ ನೋಡಿದರು.

"ನಾ ದಾಲ್ ಕಳಸೋದು ಬಿಟ್ಟು ಆರು ತಿಂಗಳಾತು. ನಿನ್ನ ಪಿತ್ತ ಕಮ್ಮಿ ಆಗಿತ್ತೇನು? ಇಷ್ಟು ತಿಳ್ಕೊಳ್ಳಾಕ ರಕ್ತ ತಗಸಬೇಕಾಗಿತ್ತೇನು ಬೇಟಾ?"