ನೋಡದೆ ಹಾಕಿದ ಸಹಿ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಶಸ್ತ್ರಕ್ರಿಯೆಯ ಉಪಕರಣಗಳನ್ನು ಕ್ರಿಮಿಮುಕ್ತಗೊಳಿಸುವ ಹಬೆಯ ಯಂತ್ರದ ಮುಂದೆ ಹದಿನಾಲ್ಕು ವರ್ಷ ದುಡಿದ ಆ ವಿಧವೆಯನ್ನು ಎಲ್ಲರೂ ಹೌದಮ್ಮನೆಂದೇ ಕರೆಯುತ್ತಿದ್ದರು. ಏನು ಕೇಳಿದರೂ ಹೌದು, ಇಲ್ಲ ಎಂಬೆರಡರಲ್ಲೇ ಉತ್ತರವನ್ನು ಮುಗಿಸುವ ಆಕೆಯ ರೂಢಿಗೆ ವಾರ್ಡಿನವರು ಇಟ್ಟ ಹೆಸರು ಅದು.

"ಹೌದಮ್ಮಾ, ಇವತ್ತಾದ್ರೂ ನಗ್ತೀಯಾ?" ಎಂದು ಸ್ಟ್ರೆಚರ್ ತಳ್ಳುವವನು ಕೆಣಕುವನು.

"ಇಲ್ಲ."

ಹಾಗೆಂದ ಮರುಗಳಿಗೆಯೇ ನಗು ಉಕ್ಕಿಬಂದು, ಆಡಿದ ಮಾತು ಸುಳ್ಳಾಯಿತಲ್ಲಾ ಎಂದು ಆಕೆ ನಿಜವಾಗಿಯೂ ನಾಚುವಳು.

ಈ ರೂಢಿಯನ್ನು ಕಲಿಸಿದವಳು ನಾದಿನಿ. ಗಂಡ ತೀರಿಕೊಂಡ ವರ್ಷ ಉಟ್ಟ ಬಟ್ಟೆಯಲ್ಲಿ ನಿಂತಿದ್ದ ಅತ್ತಿಗೆಯನ್ನು ತನ್ನ ಮನೆಗೆ ಕರೆತಂದು, ಆಸ್ಪತ್ರೆಯಲ್ಲಿ ತಾನು ದುಡಿಯುತ್ತಿದ್ದ ಕೋಣೆಯಲ್ಲೇ ಕೆಲಸ ಕೊಡಿಸಿ, ಬೆರಳಿಟ್ಟು ಒಂದೊಂದೇ ಅಕ್ಷರ ತೋರಿಸುತ್ತ ಕ್ರೈಸ್ತರ ಸತ್ಯವೇದವನ್ನು ಓದಲು ಕಲಿಸಿದವಳೂ ಆಕೆಯೇ. ವಿಶ್ವಾಸಿಯ ಮಾತಿಗೆ ಆಣೆಯ ಊರುಗೋಲು ಬೇಡ, ಹೌದೆಂದರೆ ಹೌದೇ ಆಗಿರಬೇಕು ಎಂಬ ಕರ್ತನ ಬೋಧನೆಯನ್ನು ಇಬ್ಬರೂ ಅನ್ನದಷ್ಟೇ ನಿತ್ಯದ ವಸ್ತುವಾಗಿ ಬಾಳಿದರು. ಅವರನ್ನು ಕೆಡಿಸಿದ್ದು ಕಪಟವಲ್ಲ, ಈ ನಂಬಿಕೆಯೇ.

ಶಸ್ತ್ರಕ್ರಿಯೆಯ ಕತ್ತರಿ ಇಕ್ಕಳಗಳನ್ನು ತುಂಬಿ ಹಬೆಗಿಡುವ ಪ್ರತಿಯೊಂದು ಉಕ್ಕಿನ ಡ್ರಮ್ಮಿನೊಳಗೂ ಒಂದು ಕಾಗದದ ಪಟ್ಟಿಯನ್ನಿಡುವರು. ಹಬೆ ಸಾಕಷ್ಟು ಕಾವಿನಲ್ಲಿ ಒಳಹೊಕ್ಕಿದ್ದರೆ ಅದರ ಹಳದಿ ಗೆರೆಗಳು ಕಪ್ಪಾಗುತ್ತವೆ. ಇಲ್ಲದಿದ್ದರೆ ಹಳದಿಯಾಗಿಯೇ ಉಳಿಯುತ್ತವೆ. ಪಾಳಿಯ ಇಬ್ಬರಲ್ಲಿ ಮೊದಲನೆಯವಳು ಪಟ್ಟಿಯನ್ನು ಪುಸ್ತಕಕ್ಕೆ ಅಂಟಿಸಿ ಸಹಿ ಹಾಕಬೇಕು. ಎರಡನೆಯವಳು ಅದನ್ನು ಸ್ವತಃ ನೋಡಿ ಸಹಿ ಹಾಕಬೇಕು. ಬೇರೆ ಪಾಳಿಯವರು ಹಾಗೆಯೇ ಮಾಡುತ್ತಿದ್ದರು. ಇವರಿಬ್ಬರೋ ಕೋಣೆಯ ಎರಡು ತುದಿಗಳಿಂದ ಕೂಗಿ ಕೇಳುತ್ತಿದ್ದರು.

"ಕಪ್ಪಾಯ್ತಾ?"

"ಹೌದು, ಅತ್ತಿಗೆ."

ಅಷ್ಟೇ. ಸಂಜೆ ಹೌದಮ್ಮ ಇಡೀ ದಿನದ ಸಹಿಗಳನ್ನು ಒಟ್ಟಿಗೆ ಹಾಕುವಳು. ನಾದಿನಿ ಹೌದೆಂದ ಮೇಲೆ ಹಾಳೆಯನ್ನು ತಿರುವಿ ಪರೀಕ್ಷಿಸುವುದು ಆಕೆಗೆ ನಾದಿನಿಯ ಮುಖಕ್ಕೆ ಹೊಡೆದಂತೆ ತೋರುತ್ತಿತ್ತು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡೆಂದ ಹಿರಿಯರ ಗಾದೆ ಲೋಕದವರಿಗೆ ಹೇಳಿದ್ದು, ತಮಗಲ್ಲ ಎಂದು ಆಕೆ ಎಣಿಸಿದ್ದಳು.

ಹಾಸಿಗೆ ಹಿಡಿದ ಗಂಡನ ಶುಶ್ರೂಷೆಯಲ್ಲಿ ಎರಡು ದಿನ ಕಣ್ಣು ಮುಚ್ಚದಿದ್ದ ನಾದಿನಿ ಒಂದು ಮಧ್ಯಾಹ್ನ ನಿಂತಲ್ಲೇ ತೂಗಾಡುತ್ತ ಪಟ್ಟಿಗಳನ್ನು ಅಂಟಿಸಿದಳು. ಕೇಳಿದ್ದಕ್ಕೆ ಅಭ್ಯಾಸಬಲದಿಂದ ಹೌದೆಂದಳು. ಅವುಗಳಲ್ಲೊಂದು ಹಳದಿಯಾಗಿಯೇ ಇತ್ತು. ಆ ಡ್ರಮ್ಮಿನ ಉಪಕರಣಗಳಿಂದ ಹೊಟ್ಟೆಯ ಶಸ್ತ್ರಕ್ರಿಯೆ ಮಾಡಿಸಿಕೊಂಡ ಬಸ್ ಚಾಲಕನೊಬ್ಬ ಗಾಯ ಕೀವಾಗಿ, ಒಂಬತ್ತನೆಯ ದಿನ ಸತ್ತನು.

ತನಿಖೆಯವರು ಪುಸ್ತಕವನ್ನು ತೆರೆದರು. ಹಳದಿ ಪಟ್ಟಿಯ ಪಕ್ಕದಲ್ಲಿ ಎರಡು ಸಹಿಗಳಿದ್ದವು. ಇಬ್ಬರನ್ನೂ ಮರುದಿನ ವಿಚಾರಣೆಗೆ ಕರೆದರು.

ಆ ಸಂಜೆ ನಾದಿನಿ ಅಡಿಗೆಮನೆಯ ಬಾಗಿಲನ್ನು ಒಳಗಿನಿಂದ ಹಾಕಿಕೊಂಡಳು.

"ಅತ್ತಿಗೆ, ಕಪ್ಪಾಗಿತ್ತು, ನೀನೂ ಕಣ್ಣಾರೆ ನೋಡಿದೆ ಅಂತ ಒಂದು ಮಾತು ಹೇಳು. ಆ ಕೋಣೇಲಿ ತೇವ ಜಾಸ್ತಿ, ಆಮೇಲೆ ಬಣ್ಣ ಬಿಟ್ಟಿರುತ್ತೆ ಅಂತಾರೆ. ಪಟ್ಟಿ ಮಾಡಿದ ಕಂಪನಿ ಮೇಲೆ ಹೋಗುತ್ತೆ. ಯಾರಿಗೂ ಏನೂ ಆಗಲ್ಲ."

"ನಾನು ನೋಡ್ಲಿಲ್ಲ."

"ಗೊತ್ತು ಕಣೇ! ನೋಡಿದ್ರೆ ಕೇಳ್ತಿದ್ನಾ? ನನ್ನ ಕೆಲಸ ಹೋದ್ರೆ ಆಸ್ಪತ್ರೆ ಕೊಟ್ಟ ಈ ಮನೇನೂ ಹೋಗುತ್ತೆ, ಇವರ ಔಷಧೀನೂ ಹೋಗುತ್ತೆ."

"ಸುಳ್ಳು ಹೇಳ್ಬಾರ್ದು ಅಂತ ನೀನೇ ಕಲಿಸಿದ್ದು."

"ಕಲಿಸಿದ್ದೇ ತಪ್ಪಾಯ್ತು, ಮಹಾತಾಯಿ. ನನ್ನ ತಲೆ ಮೇಲೆ ನಾನೇ ಚಪ್ಪಡಿ ಎಳ್ಕೊಂಡೆ."

ಹೌದಮ್ಮ ಸತ್ಯವೇದವನ್ನು ಮಡಿಲಲ್ಲಿಟ್ಟುಕೊಂಡು ಬೆಳಗಿನವರೆಗೂ ಕುಳಿತಳು. ಎಲ್ಲಿ ತೆರೆದರೂ ಸತ್ಯವನ್ನೇ ಆಡೆಂದಿತ್ತು. ಆಡಿದ ಮೇಲೆ ಈ ಮನೆಯವರು ಎಲ್ಲಿ ತಲೆಯಿಡಬೇಕೆಂಬುದನ್ನು ಆಕೆ ಹುಡುಕಿದ ಯಾವ ಪುಟವೂ ಹೇಳಲಿಲ್ಲ.

ವಿಚಾರಣೆಯಲ್ಲಿ ಆಕೆ ಇದ್ದುದನ್ನು ಇದ್ದಂತೆಯೇ ಹೇಳಿದಳು: ಆ ಪಟ್ಟಿಯನ್ನಷ್ಟೇ ಅಲ್ಲ, ಹದಿನಾಲ್ಕು ವರ್ಷಗಳಲ್ಲಿ ನಾದಿನಿ ಅಂಟಿಸಿದ ಒಂದು ಪಟ್ಟಿಯನ್ನೂ ತಾನು ನೋಡಿಲ್ಲ; ನಾದಿನಿಯಷ್ಟೇ ತಪ್ಪು ತನ್ನದು. ಹೊರಗೆ ಹಜಾರದಲ್ಲಿ ಕುಳಿತಿದ್ದ ಚಾಲಕನ ಹೆಂಡತಿಯ ಬಳಿಗೆ ಹೋಗಿ ಅದನ್ನೇ ಮತ್ತೊಮ್ಮೆ ಹೇಳಿದಳು.

ಚಾಲಕನ ಹೆಂಡತಿ ತಲೆಯೆತ್ತಿದಳು. "ಇಷ್ಟು ದಿನ ಯಾರಿಗೆ ಶಾಪ ಹಾಕ್ಬೇಕು ಅಂತ ತಿಳೀತಿರ್ಲಿಲ್ಲ. ಈಗ ತಿಳೀತು. ಹೋಗಮ್ಮ."

ಹಳದಿ ಪಟ್ಟಿಗೆ ಹೌದೆಂದು ಸುಳ್ಳು ಹೇಳಿದವಳೆಂದು ನಾದಿನಿಯನ್ನು ಕೆಲಸದಿಂದ ತೆಗೆದರು. ಪ್ರಾಮಾಣಿಕಳೆಂದು ಹೌದಮ್ಮನನ್ನು ಉಳಿಸಿಕೊಂಡು ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು. ನನ್ನನ್ನೂ ತೆಗೆಯಿರಿ ಎಂದು ಆಕೆ ಅಂಗಲಾಚಿದ್ದಕ್ಕೆ ಅಧಿಕಾರಿ ನಕ್ಕು, "ನಿಮ್ಮಂಥೋರು ನಮಗೆ ಬೇಕಮ್ಮಾ" ಎಂದನು. ದಂಡನೆಗಿಂತ ಆ ಹೊಗಳಿಕೆ ಹೆಚ್ಚು ಸುಟ್ಟಿತು. ಸಂಬಳದಲ್ಲಿ ಕೊಂಡ ಔಷಧಿಯನ್ನು ನಾದಿನಿಯ ಹೊಸ ಬಾಡಿಗೆ ಕೋಣೆಯ ಹೊಸ್ತಿಲಲ್ಲಿಟ್ಟು ಬಂದರೆ, ಮರುದಿನ ಅದು ಅಲ್ಲೇ ಇರುತ್ತಿತ್ತು.

ಚರ್ಚಿನ ಸಭೆಯವರು ಆಕೆಯ ಸತ್ಯವನ್ನು ಹಾಡಿ ಹೊಗಳಿ, ಆಕೆ ಕುಳಿತ ಬೆಂಚಿನಲ್ಲಿ ಮಾತ್ರ ಕೂರದಾದರು. ಆಕೆಗೆ ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿತ್ತು. ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಮೊದಲು ಅವನೊಂದಿಗೆ ಸಮಾಧಾನವಾಗು ಎಂಬ ಆಜ್ಞೆಯನ್ನು ಆಕೆ, ತಿಂಗಳಿಗೊಮ್ಮೆ ಸಭೆಯಲ್ಲಿ ರೊಟ್ಟಿ ಹಂಚುವ ಕರ್ತನ ಭೋಜನಕ್ಕೂ ಅನ್ವಯಿಸಿಕೊಂಡು, ರೊಟ್ಟಿಯನ್ನು ಮುಟ್ಟದಾದಳು.

ಸಭಾಪಾಲಕರು ಕರೆದು ಬುದ್ಧಿ ಹೇಳಿದರು. "ನೀನು ಮಾಡೋದೆಲ್ಲ ಮಾಡಿದ್ದೀಯಲ್ಲಮ್ಮ. ಅವಳು ಬಾಗಿಲು ತೆಗೀದಿದ್ರೆ ಅದು ನಿನ್ನ ತಪ್ಪಲ್ಲ."

"ಅವಳ ಮನಸ್ಸಲ್ಲಿ ಇರೋದು ನಿಜ ತಾನೇ, ಅಯ್ಯನವರೇ?"

"ನಿಜ."

"ಹಾಗಾದ್ರೆ ಹೇಗೆ ತಗೊಳ್ಳಲಿ?"

 

ಏಳು ತಿಂಗಳು ಕಳೆದವು. ಪ್ರತಿ ತಿಂಗಳೂ ಭೋಜನದ ಭಾನುವಾರ ಬೆಳಿಗ್ಗೆ ಆರಾಧನೆಗೆ ಮುನ್ನ ಆಕೆ ಬೀಗ ರಿಪೇರಿಯ ಅಂಗಡಿಯ ಮೇಲಿನ ಕಡಿದಾದ ಮೆಟ್ಟಿಲನ್ನು ಹತ್ತಿ ನಾದಿನಿಯ ಬಾಗಿಲನ್ನು ತಟ್ಟುವಳು. ಏಳನೆಯ ಸಲ ತಟ್ಟಿದಾಗ ಒಳಗೆ ಪಾತ್ರೆಯ ಸದ್ದು ನಿಂತಿತು.

"ಯಾರೇ ಅದು?" ರೋಗಿಯ ಕ್ಷೀಣ ಸ್ವರ.

"ಯಾರೂ ಇಲ್ಲ," ಎಂದಳು ನಾದಿನಿ ಬಾಗಿಲ ಹಿಂದೆಯೇ ನಿಂತು. "ಗಾಳಿ. ಮಲಕ್ಕೊಳ್ಳಿ."

ಹೌದಮ್ಮನ ಕೈ ಮರದ ಮೇಲೆಯೇ ನಿಂತಿತು. ತನಗೆ ಸತ್ಯವನ್ನು ಕಲಿಸಿದ ಬಾಯಿ ಅಭ್ಯಾಸದಿಂದಲ್ಲ, ನಿದ್ದೆಗಣ್ಣಿನಲ್ಲೂ ಅಲ್ಲ, ತಿಳಿದು ತಿಳಿದೇ ಸುಳ್ಳಾಡಿದ್ದನ್ನು ಆಕೆ ಕೇಳಿದಳು. ತಾನು ಬಂದು ತಟ್ಟದಿದ್ದರೆ ಆ ಸುಳ್ಳು ಹುಟ್ಟುತ್ತಿರಲಿಲ್ಲವೆಂಬುದೂ ಹೊಳೆಯಿತು. ಇನ್ನು ತಟ್ಟುವುದು ಪ್ರೀತಿಯೋ ಪೀಡೆಯೋ ತಿಳಿಯದೆ ಮೆಟ್ಟಿಲಿಳಿದಳು.

ಆ ದಿನ ರೊಟ್ಟಿಯ ತಟ್ಟೆ ಆಕೆಯಿದ್ದ ಸಾಲಿಗೆ ಬಂದಿತು. ಬೆಂಚಿನ ಆಚೆ ತುದಿಯವರೆಗೂ ಯಾರೂ ಇರಲಿಲ್ಲವಾದ್ದರಿಂದ ಆಕೆ ಎದ್ದು, ರೊಟ್ಟಿಯನ್ನು ತೆಗೆದುಕೊಳ್ಳದೆ ತಟ್ಟೆಯನ್ನು ಎರಡೂ ಕೈಗಳಲ್ಲಿ ಹಿಡಿದು ನಡೆದುಹೋಗಿ, ಹಿಂದಿನ ಸಾಲಿನವರಿಗೆ ಕೊಟ್ಟು ಬಂದು ಕುಳಿತಳು.