ಎದುರು ದಡದ ಎರಡು

ಮೊಬೈಲಿನೊಳಗೇ ಆಸೀನರಾಗಿರುವ ಮಹಾಸಭಿಕರೇ! ನಿನ್ನೆ ಹಟ್ಟಿಯಂಗಡಿಯ ನೆಂಟರ ಜಗುಲಿಯಲ್ಲಿ, ಏತದಿಂದ ನೀರೆತ್ತುತ್ತಿದ್ದ ಹಳೇ ಮರಿಗೆಯೊಂದು ಹೂಕುಂಡವಾಗಿ ಕೂತಿತ್ತು. ನೆನೆದ ಮರದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎಂಟು ವರ್ಷದ ಮಗುವಾದೆ.

ಯುದ್ಧದ ಕಾಲ, ಅಕ್ಕಿಗೆ ತತ್ವಾರ. ನಮ್ಮ ಕೆರೆಗೆ ಎರಡು ಏತ. ಈ ದಡದ್ದು ಅಪ್ಪಯ್ಯನದು, ಎದುರಿನದು ಶೀನ ಮಾವನದು. ಯಾರೂ ಹೆಚ್ಚು ನೀರೆತ್ತಬಾರದೆಂದು ಮರಿಗೆಗೊಂದು ಎಣಿಕೆಯಂತೆ ಸರದಿಯಲ್ಲಿ ಕೂಗುತ್ತಿದ್ದರು. "ಒಂದೋ ಒಂದು, ನೀರೇ ಬಂದು" ಎಂದು ಅಪ್ಪಯ್ಯ. "ಎರಡೋ ಎರಡು, ಬೇಡ ಬರಡು" ಎಂದು ಮಾವ.

ಆ ಮಳೆಗಾಲದಲ್ಲಿ ಮಾವ ಜ್ವರ ಬಂದು ತೀರಿಕೊಂಡರು. ಚಳಿಗಾಲದ ಸುಗ್ಗಿ ಬೆಳೆಗೆ ನೀರೆತ್ತುವ ಹೊತ್ತಿಗೆ, ಮಂಜು ಕವಿದ ಒಂದು ಬೆಳಿಗ್ಗೆ, ಅಪ್ಪಯ್ಯ ಅಭ್ಯಾಸಬಲದಿಂದ 'ಒಂದು' ಕೂಗಿ ನಿಂತರು. ಎದುರಿನ ಏತ ಕಿರ್ರೆಂದು ಬಾಗಿತು.

"ಎರಡೋ ಎರಡು, ಬೇಡ ಬರಡು."

ಮಾವನದೇ ಧಾಟಿ. ನಾನು ಅಪ್ಪಯ್ಯನ ಬೆನ್ನಿಗೆ ಅಂಟಿಕೊಂಡೆ.

"ಅಪ್ಪಯ್ಯ, ಅದ್ಯಾರ್?"

"ಆಚಿ ಕಾಂಬುಕಾಗ" ಎಂದು ನನ್ನ ಮುಖ ಈಚೆ ತಿರುಗಿಸಿದವರೇ 'ಮೂರು' ಕೂಗಿದರು.

ಮಂಜು ಸರಿದಾಗ ಕಂಡೆ. ಮಾವನ ಮುಂಡಾಸು ಸುತ್ತಿಕೊಂಡು ಅವರ ಹೆಂಡತಿ ಗಿರಿಜತ್ತೆ ಏತ ಜಗ್ಗುತ್ತಿದ್ದಳು. ಹೆಂಗಸು ಏತ ಮುಟ್ಟಿದರೆ ಕೆರೆ ಬತ್ತುತ್ತದೆಂದು ಊರು ನಂಬಿತ್ತು. ಮುಟ್ಟದಿದ್ದರೆ ಅವಳ ಗದ್ದೆ ಒಣಗಿ, ಮೂವರು ಮಕ್ಕಳು ಉಪವಾಸ ಬೀಳುತ್ತಿದ್ದರು.

ಅವತ್ತೇ ಅಪ್ಪಯ್ಯ ಊರವರ ಮುಂದೆ ದನಿ ತಗ್ಗಿಸಿದರು: "ಹ್ವಾಯ್, ಶೀನ ನೀರ್ ಎತ್ತುಕ್ ಬತ್ತ ಕಾಣಿ. ಬೆಳಿಗ್ಗೆ ಕೆರಿ ಬದಿಗ್ ಹೋಪುಕಾಗ."

ದೆವ್ವದ ಭಯಕ್ಕೆ ಯಾರೂ ಹೋಗಲಿಲ್ಲ. ಅತ್ತೆಯ ಗದ್ದೆ ತೆನೆ ಬಿಟ್ಟಿತು.

ಸಭಿಕರೇ, ಆ ಮಗು ನಾನಲ್ಲ, ಈ ಕತೆ ಹೇಳಿದ ನನ್ನಜ್ಜಿ. ನನಗಿನ್ನೂ ನಲವತ್ತೈದು. ನಿಜ ಗೊತ್ತಿದ್ದೂ ನಿನ್ನೆ ಆ ಮರಿಗೆಯ ಮುಂದೆ 'ಒಂದೋ ಒಂದು' ಎನ್ನಲು ನನಗೆ ಧೈರ್ಯ ಬರಲಿಲ್ಲ.